ಕಬ್ಬಿಣ ತಾಗಿದ ಪಾಲೆ

ವರ್ಷಕ್ಕೊಂದು ದಿನ ಜತ್ತಪ್ಪನ ಮೈಮೇಲೆ ಬಟ್ಟೆ ಇರುತ್ತಿರಲಿಲ್ಲ.

ಉಳಿದ ದಿನ ಇರುತ್ತಿತ್ತು. ಕೆಲಸಕ್ಕೆ ಒಂದು ಖಾಕಿ ಚಡ್ಡಿ, ಮೈಲುತುತ್ತಿನ ನೀಲಿ ಹಿಡಿದು ಗಟ್ಟಿಯಾದ ಬನಿಯನು, ಸುಳ್ಯ ಪೇಟೆಗೆ ಹೋಗಲು ಒಂದು ಪ್ಯಾಂಟು. ಆದರೆ ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆಯ ದಿನ, ಕೋಳಿ ಕೂಗುವ ಮೊದಲು, ಅವನು ಬತ್ತಲೆಯಾಗಿ ಕಾಲನಿಯ ಮೇಲಿನ ಗುಡ್ಡೆಗೆ ಹೋಗಿ ಅಲ್ಲಿರುವ ಒಂದೇ ಪಾಲೆ ಮರದ, ಅಂದರೆ ಹಾಲೆ ಮರದ, ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕಿತ್ತು. ಕತ್ತಿ ತಾಗಿಸುವಂತಿಲ್ಲ; ಕಬ್ಬಿಣ ತಾಗಿದರೆ ಆ ವರ್ಷ ತೊಗಟೆ ಮದ್ದಾಗುವುದಿಲ್ಲ. ಮಾತಾಡುವಂತಿಲ್ಲ. ಯಾರೂ ನೋಡುವಂತಿಲ್ಲ. ತೆಗೆದ ತೊಗಟೆ ಮಹಾಬಲ ಧಣಿಗಳ ಮನೆಗೆ ಹೋಗಬೇಕು. ಅಲ್ಲಿ ಅದನ್ನು ಬೆಳ್ಳುಳ್ಳಿ, ಕರಿಮೆಣಸು, ಓಮದ ಜೊತೆ ಅರೆದು ರಸ ಹಿಂಡಿ, ಬೆಂಕಿಯಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಹಾಕುತ್ತಿದ್ದರು. ಮನೆಯವರೆಲ್ಲ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದರು. ಮೊದಲು ಕಹಿ, ಹಿಂದೆಯೇ ಒಗರು. ನಾಲಿಗೆ ಮರದ ತುಂಡಿನ ಹಾಗೆ ಆಗುತ್ತದೆ. ಒಮ್ಮೆ ಕುಡಿದರೆ ವರ್ಷವಿಡೀ ರೋಗ ಹತ್ತಿರ ಬರುವುದಿಲ್ಲ ಎಂದು ನಂಬಿಕೆ.

ಜತ್ತಪ್ಪನಿಗೆ ಅಂಗಳದ ಹೊರಗೆ, ಗೊಬ್ಬರದ ಗುಂಡಿಯ ಪಕ್ಕ, ತೆಂಗಿನ ಗೆರಟೆಯಲ್ಲಿ ಕೊಡುತ್ತಿದ್ದರು. ಅವನ ಅಪ್ಪನಿಗೂ ಅದೇ ಜಾಗ. ಗೆರಟೆ ಮಾತ್ರ ಪ್ರತಿವರ್ಷ ಹೊಸದು.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಮಹಾಬಲ ತೋಟಕ್ಕೆ ಬಂದ. ಜತ್ತಪ್ಪ ಅಡಿಕೆ ಮರದ ತಲೆಯಲ್ಲಿದ್ದ. ಕೊಳೆರೋಗ ಬಾರದಂತೆ ಗೊನೆಗಳಿಗೆ ಮೈಲುತುತ್ತಿನ ಮದ್ದು ಬಿಡುತ್ತಿದ್ದ.

"ಏ ಜತ್ತ, ಇಳಿ! ಮಂಗನ ಹಾಗೆ ಎಂತ ನೋಡುದು? ಇಳಿ ಮಾರಾಯ."

ಇಳಿದ. ಕೆಳಗೆ ಮಹಾಬಲ ಕೊಡೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅವನ ಅಳಿಯ, ತಂಗಿಯ ಮಗ ಲತೀಶ್. ಲತೀಶ್ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಈ ಸಲ ಲತೀಶ ದೊಡ್ಡ ಲೈಟ್ ತರ್ತಾನೆ. ಜನರೇಟರೂ ಉಂಟು. ನೀನು ಯಾವಾಗಿನ ಹಾಗೆ ಹೋಗುದು, ಜಜ್ಜುದು. ಅಷ್ಟೇ."

"ಲೈಟ್ ಎಂತಕ್ಕೆ ಧಣಿಗಳೇ?"

"ವಿಡಿಯೋಕ್ಕೆ," ಎಂದ ಲತೀಶ್. "ಹೋದ ವರ್ಷ ಮೊಬೈಲಲ್ಲಿ ತೆಗೆದದ್ದು ಕ್ಲಿಯರ್ ಇಲ್ಲ. ಆದ್ರೂ ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ? ದುಬೈಯಿಂದೆಲ್ಲ ಕಮೆಂಟ್ ಬಂದಿದೆ."

ಜತ್ತಪ್ಪ ಅವನ ಕಡೆ ತಿರುಗಿದ. "ಹೋದ ವರ್ಷ ಎಂತ ತೆಗೆದದ್ದು?"

"ನಿನ್ನನ್ನು. ಹಿಂದಿನಿಂದ. ಹೆದರ್ಬೇಡ, ಮುಖ ಕಾಣುದಿಲ್ಲ."

"ಮುಖ ಕಂಡಿದ್ರೆ ಯಾರೂ ನೋಡ್ತಿರ್ಲಿಲ್ಲ," ಎಂದು ಮಹಾಬಲ ನಕ್ಕ.

ಜತ್ತಪ್ಪ ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಬೆರಳಿನ ನೀಲಿ ಹೋಗಲಿಲ್ಲ. "ಲೈಟ್ ಇದ್ರೆ ನಾನು ಬಟ್ಟೆ ಹಾಕಿಕೊಂಡೇ ಹೋಗ್ತೇನೆ ಧಣಿಗಳೇ."

"ಕಟ್ಟುಪಾಡು ನಿನ್ನ ಅಪ್ಪ ಮಾಡಿದ್ದಾ ಬೇವರ್ಸಿ? ಬಟ್ಟೆ ಹಾಕಿ ತೆಗೆದ್ರೆ ಅದು ಮದ್ದಾಗ್ತದಾ? ಸುಳ್ಯದಲ್ಲಿ ನಮ್ಮ ಸಂಘದ ಕಾರ್ಯಕ್ರಮ ಉಂಟು. ಐನೂರು ಜನ ಕುಡಿಲಿಕ್ಕೆ ಬರ್ತಾರೆ. ಹೆಚ್ಚುಕಡಿಮೆ ಆದ್ರೆ ಯಾರು ಜವಾಬ್ದಾರಿ, ನಿನ್ನ ಹೆಣವಾ?"

"ಹಾಗಲ್ಲ..."

"ದನ ಬಟ್ಟೆ ಹಾಕ್ತದಾ? ಅದಕ್ಕೆ ನಾಚಿಕೆ ಉಂಟಾ? ನಿನ್ನದನ್ನು ನೋಡ್ಲಿಕ್ಕೆ ಯಾರಿಗೂ ಆಸೆ ಇಲ್ಲ. ಬೇಡದಿದ್ರೆ ಈಗಲೇ ಹೇಳು. ಅಡಿಕೆಗೆ ಮದ್ದು ಬಿಡ್ಲಿಕ್ಕೆ ಬಿಹಾರದವರು ಸಿಗ್ತಾರೆ. ನಿಮ್ಮ ಕಾಲನಿಗೆ ಹೋಗುವ ದಾರಿ ನನ್ನ ತೋಟದ ಒಳಗಿಂದ ಉಂಟು, ಅದೂ ನೆನಪಿರ್ಲಿ."

ಇಬ್ಬರೂ ಹೋದರು. ಜತ್ತಪ್ಪ ಮತ್ತೆ ಮರ ಹತ್ತಿದ. ಅವನ ಬೆನ್ನ ಮೇಲೆ ಗೊನೆಯಿಂದ ಮೈಲುತುತ್ತು ತೊಟ್ಟಿಕ್ಕುತ್ತಿತ್ತು.

ಶನಿವಾರ ಮಧ್ಯಾಹ್ನ ಅವನು ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ಮಗಳಿಗಾಗಿ ಕಾಯುತ್ತಿದ್ದ. ಸುಪ್ರಿತಾ ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ಅಜ್ಜಿ ಅಮ್ಮು ಬೆಳೆಸಿದ್ದು. ಬಸ್ಸು ತಡವಾಯಿತು. ಜತ್ತಪ್ಪ ಅತ್ತಿತ್ತ ನೋಡುತ್ತಾ ಎದುರಿನ ಫ್ಲೆಕ್ಸ್ ನೋಡಿದ.

ಒಂದು ದೊಡ್ಡ ಮರ. ಮರದ ಬುಡದಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ. ಸೊಂಟದ ಕೆಳಗೆ ಮಸುಕು ಮಾಡಿದ್ದರು. ಎಡ ಭುಜದಿಂದ ಬೆನ್ನಿನ ನಡುವಿನವರೆಗೆ ಒಂದು ಗೆರೆ. ಅಡಿಕೆ ಮರದಿಂದ ಬಿದ್ದಾಗ ಆದ ಗಾಯದ ಗೆರೆ. ಜತ್ತಪ್ಪ ತನ್ನ ಬೆನ್ನನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೆ ಗಾಯ ಎಲ್ಲಿದೆ ಎಂದು ಕೈಗೆ ಗೊತ್ತಿತ್ತು. ಮೇಲೆ ಮಹಾಬಲನ ಫೋಟೋ ಇತ್ತು, ಅಂಗಿ, ಶಾಲು, ಚಿನ್ನದ ಸರದ ಸಮೇತ.

ಬಸ್ಸು ಬಂತು. ಸುಪ್ರಿತಾ ಇಳಿದು ಅಪ್ಪನನ್ನು ನೋಡಿದಳು, ಅಪ್ಪ ನೋಡುತ್ತಿದ್ದದ್ದನ್ನೂ ನೋಡಿದಳು.

"ನಿನಗೆ ಗೊತ್ತಿತ್ತಾ?" ಜತ್ತಪ್ಪ ಕೇಳಿದ.

"ಹೋದ ವರ್ಷವೇ. ಊಟದ ಸಾಲಲ್ಲಿ ಒಬ್ಬಳು ಮೊಬೈಲ್ ತೋರ್ಸಿದ್ಳು. ಕಾಡಿನವರು ನೋಡು ಅಂತ. ಅದು ನನ್ನ ಅಪ್ಪ ಅಂತ ಹೇಳಿದೆ."

"ಅವಳೆಂತ ಹೇಳಿದ್ಳು?"

"ಸಾರಿ ಹೇಳಿದ್ಳು. ಮರುದಿನ ಇಡೀ ಕ್ಲಾಸಿಗೆ ಗೊತ್ತಿತ್ತು."

"ಮತ್ತೆ ನೀನೆಂತ ಮಾಡಿದಿ?"

"ಊಟ ಮಾಡಿದೆ. ಹಸಿವಾಗಿತ್ತು."

ಇಬ್ಬರೂ ಸ್ವಲ್ಪ ದೂರ ನಡೆದರು. ಸುಪ್ರಿತಾ ಬ್ಯಾಗನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡಳು.

"ಅಪ್ಪ, ಈ ಸಲವೂ ವಿಡಿಯೋ ತೆಗೆದ್ರೆ ನಾನು ಹಾಸ್ಟೆಲಿಗೆ ವಾಪಸ್ ಹೋಗುದಿಲ್ಲ. ಕಬಕದಲ್ಲಿ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಉಂಟು, ಕೇಳಿ ಬಂದಿದ್ದೇನೆ. ಅಲ್ಲಿ ಕೈ ಸುಡ್ತದೆ, ಅಷ್ಟೇ. ಯಾರೂ ಮೊಬೈಲ್ ತೋರ್ಸುದಿಲ್ಲ."

ಜತ್ತಪ್ಪ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಗೆ ನುಗ್ಗಿದ. ಅಲ್ಲಿ ರುಕಿಯಾಳ ಅಂಗಡಿ ಇತ್ತು. ರುಕಿಯಾ ಹೊಲಿಗೆ ಮಾಡುತ್ತಿದ್ದಳು, ಸಿದ್ಧ ಉಡುಪನ್ನೂ ಮಾರುತ್ತಿದ್ದಳು.

"ಒಂದು ಅಂಗಿ ಬೇಕು ರುಕಿಯಕ್ಕ. ಉದ್ದ ಕೈಯದ್ದು."

"ಎಂತ ಜತ್ತಪ್ಪ, ಪುನಃ ಹೆಣ್ಣು ನೋಡ್ಲಿಕ್ಕಾ? ಮಗಳನ್ನೂ ಕರ್ಕೊಂಡು ಬಂದಿದ್ದೀರಿ!"

"ಮರದ ಹತ್ರ ಹೋಗ್ಲಿಕ್ಕೆ."

ರುಕಿಯಾ ನಗು ನಿಲ್ಲಿಸಿದಳು. ದಿನಾ ಅಂಗಡಿ ತೆರೆಯುವಾಗ ಆ ಫ್ಲೆಕ್ಸಿನ ಎದುರಿನಿಂದಲೇ ಬರಬೇಕಿತ್ತು ಅವಳಿಗೆ. ಒಂದು ಬಿಳಿ ಅಂಗಿ ತೆಗೆದಳು.

"ಗುಬ್ಬಿ ಗಟ್ಟಿ ಉಂಟಾ?" ಜತ್ತಪ್ಪ ಅಂಗಿಯ ಗುಂಡಿಯನ್ನು ಎಳೆದು ನೋಡಿದ.

"ಕಂಪೆನಿಯದ್ದು ನಂಬ್ಲಿಕ್ಕಾಗುದಿಲ್ಲ. ಕೂತ್ಕೊಳ್ಳಿ." ರುಕಿಯಾ ಸೂಜಿ ತೆಗೆದು ಒಂದೊಂದೇ ಗುಂಡಿಯನ್ನು ಮತ್ತೆ ಹೊಲಿದಳು. ಹಲ್ಲಿನಿಂದ ದಾರ ಕಡಿದು, "ಇನ್ನು ಎಮ್ಮೆ ಎಳೆದ್ರೂ ಬರುದಿಲ್ಲ," ಎಂದಳು.

ಮನೆಯಲ್ಲಿ ಅಮ್ಮು ಒಲೆಯ ಎದುರು ಕೂತಿದ್ದಳು. ಅವಳು ಅಂಗಿಯನ್ನು ಮುಟ್ಟಿ ನೋಡಿ, ಮಗನ ಮುಖ ನೋಡಿದಳು.

"ಇದನ್ನು ಹಾಕಿ ಮರ ಮುಟ್ಟುದಾದ್ರೆ ನಾನು ಆ ತೊಗಟೆ ಕುಡಿಯುದಿಲ್ಲ. ಯಾರಿಗೂ ಕೊಡುದೂ ಇಲ್ಲ."

ಕಾಲನಿಯಲ್ಲಿ ಮದ್ದು ಕೊಡುವವಳು ಅಮ್ಮು. ಅಮಾವಾಸ್ಯೆಯ ತೊಗಟೆಯಲ್ಲಿ ಧಣಿಗಳ ಮನೆಗೆ ಕೊಟ್ಟು ಉಳಿದದ್ದನ್ನು ಒಲೆಯ ಮೇಲೆ ಹೊಗೆಯಲ್ಲಿ ಕಟ್ಟಿಡುತ್ತಿದ್ದಳು. ಬಿಟ್ಟು ಬಿಟ್ಟು ಬರುವ ಚಳಿಜ್ವರಕ್ಕೆ ಅದರ ಕಷಾಯ. ಭೇದಿಯಾಗಿ ಹೊಟ್ಟೆ ಹೋಗುವುದು ನಿಲ್ಲದಿದ್ದರೆ ತೇದು ಮಜ್ಜಿಗೆಯಲ್ಲಿ. ಹೆತ್ತವರಿಗೆ ಹಾಲು ಬರಲು ಗಂಜಿಯಲ್ಲಿ. ಹುಣ್ಣಿಗೆ ಮರದ ಹಾಲು. ಸರಕಾರಿ ಆಸ್ಪತ್ರೆಗೆ ಹೋಗಿ ಬಂದವರೂ ಕೊನೆಗೆ ಅವಳ ಬಾಗಿಲಿಗೆ ಬರುತ್ತಿದ್ದರು.

"ಅಜ್ಜಿ, ಲೈಟ್ ಹಾಕಿ ವಿಡಿಯೋ ತೆಗೆಯುದು ಯಾವ ಕಟ್ಟುಪಾಡು?" ಸುಪ್ರಿತಾ ಕೇಳಿದಳು.

"ಅದು ಅವರ ಪಾಪ. ನಮ್ಮದು ನಾವು ಸರಿ ಮಾಡ್ಬೇಕು. ನಿನ್ನ ಅಜ್ಜನೂ ಬತ್ತಲೆಯೇ ಹೋದದ್ದು."

"ಅಜ್ಜನಿಗೆ ನಾಚಿಕೆ ಆಗ್ತಿರ್ಲಿಲ್ವಾ?"

"ಅವನಿಗೆ ಮೊದಲೇ ಬಟ್ಟೆ ಇರ್ಲಿಲ್ಲ ಮಾರಾಯ್ತಿ. ಬಿಚ್ಚುವ ಕೆಲಸ ಇಲ್ಲ, ಹಾಗಾಗಿ ಸುಲಭ ಆಯ್ತು."

ಸುಪ್ರಿತಾ ನಕ್ಕಳು. ಅಮ್ಮು ನಗಲಿಲ್ಲ. ಒಲೆಯ ಕೊಳ್ಳಿಯನ್ನು ಒಳಗೆ ತಳ್ಳಿದಳು.

"ಈ ಮಹಾಬಲ ಧಣಿ ಎರಡು ವರ್ಷದ ಮಗು ಆಗಿರುವಾಗ ರಕ್ತಭೇದಿ ಆಗಿ ಸಾಯ್ಲಿಕ್ಕೆ ಬಿದ್ದಿದ್ರು. ರಾತ್ರಿ ಅವರ ಅಮ್ಮ ಕಳ್ಳತನದಲ್ಲಿ ಇಲ್ಲಿಗೆ ತಂದು ನನ್ನ ಮಡಿಲಲ್ಲಿ ಹಾಕಿದ್ರು. ಬೆಳಗಾಗುವ ತನಕ ಚಮಚದಲ್ಲಿ ಪಾಲೆ ತೊಗಟೆಯ ನೀರು ಕುಡಿಸಿದೆ. ನಿಂತಿತು. ಮತ್ತೆ ಮನೆಯ ಒಳಗೆ ತಗೊಳ್ಳುವ ಮೊದಲು ಅಂಗಳದಲ್ಲಿ ಮಗುವಿನ ತಲೆ ಮೇಲೆ ನೀರು ಹೊಯ್ದು ಶುದ್ಧ ಮಾಡಿದ್ರು. ನಾನು ಮುಟ್ಟಿದ್ದೇನಲ್ಲ."

"ಅವರಿಗೆ ಗೊತ್ತುಂಟಾ ಅದು?"

"ಗೊತ್ತಿದ್ರೆ ಎಂತ ಆಗ್ತದೆ? ಇನ್ನೊಂದು ಕೊಡ ನೀರು ಹೊಯ್ಕೊಳ್ತಾರೆ."

ಜತ್ತಪ್ಪ ಅಂಗಿಯನ್ನು ಗಳದ ಮೇಲೆ ನೇತುಹಾಕಿದ. "ಅಮ್ಮ, ಕತ್ತಿ ತಾಗಿಸುದಿಲ್ಲ. ಕಲ್ಲಲ್ಲೇ ತೆಗೀತೇನೆ. ಆದ್ರೆ ಅಂಗಿ ತೆಗೆಯುದಿಲ್ಲ."

"ಅದು ಅರ್ಧ ಕಟ್ಟುಪಾಡು."

"ನನ್ನ ಕೈಲಿ ಆಗುದು ಅರ್ಧವೇ."

ಅಮಾವಾಸ್ಯೆಯ ಬೆಳಗ್ಗೆ ಜನರೇಟರಿನ ಸದ್ದಿಗೆ ಕಾಲನಿಯ ಕೋಳಿಗಳು ಕೂಗುವುದನ್ನು ಮರೆತವು. ಪಾಲೆ ಮರ ಬುಡದಿಂದ ತಲೆಯವರೆಗೆ ಬೆಳ್ಳಗೆ ಹೊಳೆಯುತ್ತಿತ್ತು. ಮರದ ಸುತ್ತ ಸಂಘದ ಹತ್ತು ಹದಿನೈದು ಮಂದಿ ನಿಂತಿದ್ದರು. ಸಂಘದ ಗೌರವಾಧ್ಯಕ್ಷ, ನಿವೃತ್ತ ಉಪನ್ಯಾಸಕ ಉದಯಶಂಕರ ಶಾಲು ಸರಿಮಾಡಿಕೊಂಡು ಕ್ಯಾಮೆರಾಕ್ಕೆ ಹೇಳುತ್ತಿದ್ದರು:

"ಕಗ್ಗತ್ತಲೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಈ ತೊಗಟೆಯನ್ನು ತರುವುದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ಕ್ರಮ..."

ಜತ್ತಪ್ಪ ಬೆಳಕಿನೊಳಗೆ ಬಂದ. ಪ್ಯಾಂಟು, ಬಿಳಿ ಅಂಗಿ, ಕತ್ತಿನವರೆಗೆ ಗುಂಡಿ. ಬಲಗೈಯಲ್ಲಿ ಕಲ್ಲು. ಹಿಂದೆ ದೂರದಲ್ಲಿ ಕಾಲನಿಯವರು ನಿಂತಿದ್ದರು. ಹೆಂಗಸರು ಈ ಹೊತ್ತಿಗೆ ಈ ಗುಡ್ಡೆಗೆ ಬರುವ ಕ್ರಮ ಇಲ್ಲ. ಆದರೂ ಸುಪ್ರಿತಾ ಬಂದಿದ್ದಳು.

"ಇದೆಂತ ವೇಷ?" ಮಹಾಬಲ ಕೇಳಿದ. "ಬ್ಯಾಂಕಿಗೆ ಹೊರಟದ್ದಾ?"

"ಹೀಗೇ ತೆಗೆದು ಕೊಡ್ತೇನೆ ಧಣಿಗಳೇ."

"ಬಿಚ್ಚು."

"ಇಲ್ಲ."

ಉದಯಶಂಕರ ಮುಂದೆ ಬಂದರು. "ನೋಡಿ ಜತ್ತಪ್ಪನವರೇ, ಇದರಲ್ಲಿ ಅವಮಾನ ಅಂತ ಭಾವಿಸಬಾರದು. ನಗ್ನತೆ ಅಂದರೆ ಪ್ರಕೃತಿಗೆ ಶರಣಾಗುವುದು."

"ಹಾಗಾದ್ರೆ ನೀವೂ ಶರಣಾಗಿ ಸರ್. ಶಾಲಿಂದ ಸುರು ಮಾಡಿ."

ಹಿಂದೆ ಕಾಲನಿಯ ಕಡೆಯಿಂದ ಒಂದು ನಗು ಕೇಳಿತು, ಆಮೇಲೆ ಹಲವು. ಉದಯಶಂಕರ ಶಾಲನ್ನು ಹಿಡಿದುಕೊಂಡರು.

"ಕಟ್ಟುಪಾಡು ಮರದ ಬುಡಕ್ಕೆ ಬಂದವರಿಗೆಲ್ಲ ಉಂಟು," ಜತ್ತಪ್ಪ ಗಟ್ಟಿಯಾಗಿ ಹೇಳಿದ. "ನನಗೊಬ್ಬನಿಗೆ ಅಲ್ಲ. ಧಣಿಗಳೂ ಬಿಚ್ಚಲಿ. ಲತೀಶಣ್ಣನೂ ಬಿಚ್ಚಲಿ. ಎಲ್ಲರದ್ದೂ ಆದ್ಮೇಲೆ ನಾನೂ ಬಿಚ್ತೇನೆ. ಲೈಟ್ ಇರ್ಲಿ. ವಿಡಿಯೋ ಆಗ್ಲಿ. ದುಬೈಯವರು ನೋಡ್ಲಿ."

"ಸೂಳೆಮಗನೇ!"

ಏಟು ದವಡೆಗೆ ಬಿತ್ತು. ಮಹಾಬಲನ ಬೆರಳಲ್ಲಿ ಉಂಗುರವಿತ್ತು. ಜತ್ತಪ್ಪ ವಾಲಿದ, ಬೀಳಲಿಲ್ಲ. ಮಹಾಬಲ ಎರಡೂ ಕೈಯಿಂದ ಅಂಗಿಯ ಕಾಲರ್ ಹಿಡಿದು ಎಳೆದ. ಒಂದು ಗುಂಡಿ ಹಾರಿತು. ಇನ್ನೊಂದು ಹಾರಿತು. ಮೂರನೆಯದು ಹಾರಲಿಲ್ಲ. ಲತೀಶ್ ಕ್ಯಾಮೆರಾ ಆಫ್ ಮಾಡಿದ.

ಸುಪ್ರಿತಾ ಓಡಿ ಬಂದು ಇಬ್ಬರ ನಡುವೆ ನುಗ್ಗಿ ಅಪ್ಪನ ಅಂಗಿಯ ಎರಡು ಅಂಚುಗಳನ್ನು ಒಟ್ಟುಮಾಡಿ ಮುಷ್ಟಿಯಲ್ಲಿ ಹಿಡಿದಳು.

"ಕೈ ಬಿಡು ಹುಡುಗಿ!"

ಬಿಡಲಿಲ್ಲ. ಮಹಾಬಲ ಅವಳ ಮಣಿಕಟ್ಟು ತಿರುವಿದ. ಆಗಲೂ ಬಿಡಲಿಲ್ಲ. ಜತ್ತಪ್ಪ ಕೈಯಲ್ಲಿದ್ದ ಕಲ್ಲನ್ನು ಎತ್ತಿದ. ಅದನ್ನು ಎಲ್ಲಿಗೆ ಹೊಡೆಯುವುದು ಎಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಆಗ ಸದ್ದು ಕೇಳಿತು. ಒಂದೇ ಸದ್ದು. ಕಬ್ಬಿಣ ಹಸಿ ಮರಕ್ಕೆ ಬಡಿದ ಸದ್ದು.

ಅಮ್ಮು ಬಂದದ್ದನ್ನು ಯಾರೂ ನೋಡಿರಲಿಲ್ಲ. ಮರದ ಇನ್ನೊಂದು ಬದಿಯಲ್ಲಿ ನಿಂತಿದ್ದಳು. ಸೌದೆ ಸೀಳುವ ಕತ್ತಿ ತೊಗಟೆಯೊಳಗೆ ಕಚ್ಚಿ ನಿಂತಿತ್ತು. ಅವಳು ಅದನ್ನು ಅಲುಗಾಡಿಸಿ ಹೊರಗೆಳೆದಳು. ಸೀಳಿನಿಂದ ಹಾಲು ಬಂತು. ಬೆಳಕಿಗೆ ಅದು ಇನ್ನೂ ಬೆಳ್ಳಗೆ ಕಂಡಿತು. ಬುಡದವರೆಗೆ ಇಳಿಯಿತು.

ಜನರೇಟರ್ ಮಾತ್ರ ಬಡಬಡಿಸುತ್ತಿತ್ತು.

"ಕಬ್ಬಿಣ ತಾಗಿತು," ಅಮ್ಮು ಹೇಳಿದಳು. "ಈ ವರ್ಷ ಮದ್ದಿಲ್ಲ. ಎಲ್ಲ ಮನೆಗೆ ಹೋಗಿ."

ಮಹಾಬಲನ ಕೈ ಸಡಿಲವಾಯಿತು. "ಏ ಮುದುಕಿ, ಮಂಡೆ ಸಮ ಇಲ್ವಾ ನಿನಗೆ? ನಿಮ್ಮವರಿಗೂ ಇಲ್ಲ ಗೊತ್ತುಂಟಾ? ನಾಳೆ ನಿಮ್ಮ ಮಕ್ಕಳಿಗೆ ಜ್ವರ ಬಂದ್ರೆ ಎಂತ ಕೊಡ್ತಿ?"

"ಗೊತ್ತುಂಟು. ನಮಗೂ ಇಲ್ಲ, ನಿನಗೂ ಇಲ್ಲ."

"ಯಾರಿಗೆ ನಿನಗೆ ಅಂತ ಹೇಳುದು ನೀನು?"

"ನಿನಗೇ. ನನ್ನ ಮಡಿಲಲ್ಲಿ ರಕ್ತ ಹೇತವನಿಗೆ." ಅಮ್ಮು ಕತ್ತಿಯನ್ನು ಸೀರೆಗೆ ಒರೆಸಿದಳು. "ನಾನು ಇಷ್ಟು ವರ್ಷ ಮರಕ್ಕೆ ಹೆದರಿದ್ದು. ನಿನಗೆ ಅಲ್ಲ. ಮಗನ ಅಂಗಿ ಬಿಡು, ಇಲ್ಲದಿದ್ರೆ ಕತ್ತಿ ಕೈಯಲ್ಲೇ ಉಂಟು."

ಕಾಲನಿಯವರು ಈಗ ದೂರದಲ್ಲಿರಲಿಲ್ಲ. ಬೆಳಕಿನ ಅಂಚಿಗೆ ಬಂದಿದ್ದರು. ಮಹಾಬಲ ಅಂಗಿ ಬಿಟ್ಟ. ಸಂಘದವರು ಒಬ್ಬೊಬ್ಬರಾಗಿ ಗುಡ್ಡೆ ಇಳಿದರು. ಲೈಟು ಕಳಚುವವನು ಮಾತ್ರ ಉಳಿದ. ಅವನಿಗೆ ಸುಪ್ರಿತಾಳೇ ವಯರು ಸುತ್ತಲು ಸಹಾಯ ಮಾಡಿದಳು.

ಕಾರ್ಯಕ್ರಮ ನಿಲ್ಲಲಿಲ್ಲ. ನಾಟಿಮದ್ದಿನ ಸಾಮಾನು ಮಾರುವ ಗ್ರಂದಿಗೆ ಅಂಗಡಿಯಿಂದ ಯಾವುದೋ ಕಷಾಯದ ಪುಡಿ ತಂದು ದೊಡ್ಡ ಪಾತ್ರೆಯಲ್ಲಿ ಕುದಿಸಿದರು. ಬೆಲ್ಲವನ್ನೂ ಹಾಕಿದರಂತೆ. ಐನೂರು ಜನ ಪೇಪರ್ ಕಪ್ಪಿನಲ್ಲಿ ಕುಡಿದು, ಮುಖ ಹಿಂಡಿ, ಸೆಲ್ಫಿ ತೆಗೆದುಕೊಂಡರು. ಪಾಲೆಯ ಶಕ್ತಿಯೇ ಬೇರೆ ಎಂದು ಉದಯಶಂಕರ ಮುಕ್ಕಾಲು ಗಂಟೆ ಮಾತಾಡಿದರು. ಇದನ್ನೆಲ್ಲ ರುಕಿಯಾ ಜತ್ತಪ್ಪನಿಗೆ ಹೇಳಿದ್ದು. ಅವಳೂ ಒಂದು ಕಪ್ಪು ಕುಡಿದಿದ್ದಳು. "ನಮ್ಮ ಮದುವೆಮನೆಯ ಶುಂಠಿ ಚಹಾ ಇದಕ್ಕಿಂತ ಕಹಿ ಉಂಟು," ಎಂದಳು.

ವಾರದೊಳಗೆ ತೋಟದ ದಾರಿಗೆ ತಂತಿ ಬೇಲಿ ಬಿತ್ತು. ಗುಡ್ಡೆ ಸುತ್ತಿ ಹೋಗಬೇಕು. ಸುಪ್ರಿತಾ ಸುತ್ತಿಯೇ ಹೋದಳು, ಪುತ್ತೂರಿನ ಬಸ್ಸಿಗೆ. ಬ್ಯಾಗನ್ನು ಜತ್ತಪ್ಪ ರಸ್ತೆಯವರೆಗೆ ಹೊತ್ತ. ಅದೇ ಬಿಳಿ ಅಂಗಿ ಹಾಕಿದ್ದ. ಗುಂಡಿ ಇಲ್ಲದ ಕಡೆ ಸೇಫ್ಟಿ ಪಿನ್ನು.

ಆಟಿ ಕಳೆದು ಬಂದ ಸೋಣ ತಿಂಗಳಲ್ಲಿ ಪಕ್ಕದ ಮನೆಯ ಮಗುವಿಗೆ ಹೊಟ್ಟೆ ಹೋಗಲು ಸುರುವಾಯಿತು. ತಾಯಿ ಎತ್ತಿಕೊಂಡು ಬಂದಳು. ಅಮ್ಮು ಒಲೆಯ ಮೇಲಿನ ಖಾಲಿ ಹಗ್ಗ ತೋರಿಸಿದಳು.

"ಮರ ಅಲ್ಲೇ ಉಂಟಲ್ಲ ಅಜ್ಜಿ. ಒಂದು ಚೂರು ತೆಗೆದು ಕೊಡಿ."

"ಕಬ್ಬಿಣ ತಾಗಿಸಿದವಳು ನಾನೇ ಮಾರಾಯ್ತಿ. ಆಸ್ಪತ್ರೆಗೆ ಹೋಗು. ಬೇಗ ಹೋಗು."

ತಾಯಿ ಮಗುವನ್ನು ಹೊತ್ತು ಗುಡ್ಡೆ ಸುತ್ತಿ ಓಡಿದಳು. ಜತ್ತಪ್ಪ ಹಿಂದೆ ಕೊಡೆ ಹಿಡಿದು ಓಡಿದ. ಮಗು ಆಸ್ಪತ್ರೆಯಲ್ಲಿ ಮಲಗಿ ಗುಣವಾಗಿ ಬಂತು. ಆಮೇಲೂ ಅಮ್ಮು ದಿನಾ ಸಂಜೆ ಮರದ ಹತ್ತಿರ ಹೋಗಿ ಆ ಸೀಳನ್ನು ನೋಡಿ ಬರುತ್ತಿದ್ದಳು. ಅದು ಅಂಚಿನಿಂದ ಮುಚ್ಚಿಕೊಳ್ಳುತ್ತಿತ್ತು. ಮರಕ್ಕೆ ಅವಳು ಏನು ಹೇಳುತ್ತಿದ್ದಳೋ ಯಾರೂ ಕೇಳಲಿಲ್ಲ.

ಹೋದದ್ದು ಇಷ್ಟು: ಮಹಾಬಲನ ತೋಟದಲ್ಲಿ ಕಾಲನಿಯ ನಾಲ್ಕು ಮನೆಯವರ ಕೆಲಸ, ರಸ್ತೆಗೆ ಹೋಗುವ ಹತ್ತಿರದ ದಾರಿ, ಒಂದು ವರ್ಷದ ಮದ್ದು, ಜತ್ತಪ್ಪನ ಕೆಳದವಡೆಯ ಒಂದು ಹಲ್ಲು, ಅಂಗಿಯ ಎರಡು ಗುಂಡಿ.